ಒಂದು ರೊಪ್ಪ, ಎರಡು ಕಂಪನಿ

ಕ್ಯಾತಪ್ಪ: ನನ್ನ ಪಕ್ಕ ಕೂರಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕೇ ನಿಂಗೆ? ಮುಂದ್ಕೆ ಹೋಗು, ಹೆಂಗಸ್ರ ಸೀಟು ಖಾಲಿ ಐತೆ.

ಯರ್ರಮ್ಮ: ಯಾಕೆ ಮಾವ? ಮದುವೆ ಆದಾಗಿಂದ ಪಕ್ಕದಾಗೇ ಕೂತಿದೀನಿ. ಇವತ್ತೇನು ನನ್ನ ಮೈಮ್ಯಾಲೆ ಜಾಲಿಮುಳ್ಳು ಎದ್ದೈತಾ?

ಕ್ಯಾತಪ್ಪ: ಇವತ್ತು ನಾನ್ಯಾರೋ, ನೀನ್ಯಾರೋ. ಸಭೆ ಮುಗಿಯೋ ತನಕ ನಿಂಗೂ ನಂಗೂ ಪರಿಚಯ ಇಲ್ಲ.

ಯರ್ರಮ್ಮ: ಆಗ್ಲಿ. ಬಸ್ಸಾಗೆ ತೋರ್ಸೋ ಆಧಾರ್ ಕಾರ್ಡಿನಾಗೆ ನಿನ್ನ ಹೆಸರೇ ಐತಲ್ಲ, ಅದ್ನ ನೆಕ್ಕಿ ಅಳಿಸ್ಲಾ?

ಪರಶುರಾಂಪುರದಿಂದ ಚಳ್ಳಕೆರೆಗೆ ಹೊರಟ ಸರ್ಕಾರಿ ಬಸ್ಸು ಅದು. ಕಂಡಕ್ಟರ್ ಓಬಳೇಶ್ ಹತ್ತಿರ ಬಂದ.

ಓಬಳೇಶ್: ಏನ್ ಚಿಕ್ಕಮ್ಮ, ಚಿಕ್ಕಪ್ಪನ ಮ್ಯಾಲೆ ಮುನಿಸಾ?

ಕ್ಯಾತಪ್ಪ: ಯಾವ ಚಿಕ್ಕಮ್ಮನೋ? ಈ ಯಮ್ಮ ಯಾರೋ ನಂಗೊತ್ತಿಲ್ಲ.

ಓಬಳೇಶ್: ಓ, ಮುನಿಸು ಜೋರೈತೆ.

ಮುನಿಸೇನಲ್ಲ, ಎಲ್ಲಾ ಕ್ಯಾತಪ್ಪನ ತಲೆಯಿಂದ ಹುಟ್ಟಿದ ಉಪಾಯ. ದೊಡ್ಡಉಳ್ಳಾರ್ತಿ ಕಡೆ ಹೊಸದಾಗಿ ಒಂದು ಕಂಪನಿ ಬಂದಿತ್ತು. ಆಸ್ಪತ್ರೆಗಳಲ್ಲಿ ರೋಗಾಣು ಬೆಳೆಸಿ ನೋಡುವ ಪುಟ್ಟ ತಟ್ಟೆಗಳನ್ನು ಅಲ್ಲಿ ತಯಾರಿಸುತ್ತಾರೆ. ಆ ತಟ್ಟೆಗೆ ಕುರಿಯ ರಕ್ತ ಬೇಕು. ಕುರಿಯನ್ನು ಕೊಲ್ಲುವುದಿಲ್ಲ, ದನದ ಡಾಕ್ಟರು ಕುತ್ತಿಗೆಯಿಂದ ಒಂದಿಷ್ಟು ತೆಗೆದುಕೊಂಡರೆ ಅದು ಮತ್ತೆ ಮೇಯಲು ಹೋಗುತ್ತದೆ. ಕಂಪನಿಯವರು ಊರೂರಿಗೆ ಬಂದು, ಒಬ್ಬರನ್ನೇ ನಂಬಿ ಕೂರುವುದಿಲ್ಲ, ಎರಡು ಕಡೆಯಿಂದ ತೆಗೆದುಕೊಳ್ಳುತ್ತೇವೆ, ಸಣ್ಣಪುಟ್ಟವರು ಮುಂದೆ ಬನ್ನಿ, ಹೆಂಗಸರಿದ್ದರೆ ಮೊದಲು ಬನ್ನಿ ಎಂದು ಸಾರಿದರು. ಅದನ್ನು ಕೇಳಿ ಮನೆಗೆ ಬಂದವನೇ ಕ್ಯಾತಪ್ಪ ಕುರಿ ಕೂಡುವ ರೊಪ್ಪದ ನಟ್ಟನಡುವೆ ಮುಳ್ಳಿನ ಬೇಲಿ ಎಳೆದ. ಆ ಕಡೆಯವು ಒಂದು ಕಂಪನಿ, ಈ ಕಡೆಯವು ಇನ್ನೊಂದು ಕಂಪನಿ. ಅವನದೊಂದು ಅರ್ಜಿ, ಅವಳದೊಂದು ಅರ್ಜಿ. ತಾಯಿ ಒಂದು ಕಂಪನಿಗೆ, ಮರಿ ಇನ್ನೊಂದು ಕಂಪನಿಗೆ ಸೇರಿ, ಅವುಗಳ ಅರಚಾಟಕ್ಕೆ ಇಡೀ ಹಟ್ಟಿ ನಿದ್ದೆ ಮಾಡಲಿಲ್ಲ.

ಯರ್ರಮ್ಮ ಇದಕ್ಕೆಲ್ಲ ತಲೆಯಾಡಿಸಿದ್ದು ಬಿಳಿಕಿವಿ ಎಂಬ ಕುರಿಗಾಗಿ. ತಾಯಿ ಸತ್ತ ಮರಿಯನ್ನು ಮಡಿಲಲ್ಲಿಟ್ಟು ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ಈಗ ಅದಕ್ಕೆ ವಯಸ್ಸಾಗಿದೆ, ಮರಿ ಹಾಕುವುದಿಲ್ಲ. ಮುಂದಿನ ಸಂತೆಗೆ ಹೊಡೆದುಕೊಂಡು ಹೋಗುತ್ತೇನೆ ಎಂದು ಕ್ಯಾತಪ್ಪ ಹೇಳಿಯಾಗಿತ್ತು. ಸಂತೆಯಲ್ಲಿ ಅದನ್ನು ಕೊಳ್ಳುವವನು ಕಟುಕನೇ. ಕಂಪನಿ ಒಪ್ಪಿದರೆ ಮಾತ್ರ ಬಿಳಿಕಿವಿ ರಕ್ತ ಕೊಡುವ ಕುರಿಯಾಗಿ ರೊಪ್ಪದಲ್ಲಿ ಉಳಿಯುತ್ತಿತ್ತು.

ಅರ್ಜಿ ಹಾಕಿದವರನ್ನು ಕಂಪನಿ ಕರೆದಿದ್ದ ಸಭೆ ಇದ್ದದ್ದು ಚಳ್ಳಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ. ಬಾಗಿಲಲ್ಲೇ ಎಲ್ಲರ ಎದೆಗೂ ಹೆಸರಿನ ಚೀಟಿ ಅಂಟಿಸಿದರು. ಕ್ಯಾತಪ್ಪ ಈ ಮೂಲೆಗೆ ಹೋದ, ಯರ್ರಮ್ಮ ಆ ಮೂಲೆಗೆ. ಕಂಪನಿಯಲ್ಲಿ ಖರೀದಿ ನೋಡಿಕೊಳ್ಳುವ ಜ್ಯೋತಿಲಕ್ಷ್ಮಿ ಮೊಳಕಾಲ್ಮೂರು ಕಡೆಯ ಹುಡುಗಿ. ಮೈಕು ಹಿಡಿದಳು.

ಜ್ಯೋತಿಲಕ್ಷ್ಮಿ: ನೋಡ್ರಿ, ಒಬ್ರಿಗೊಬ್ರು ಪರಿಚಯ ಆದ್ರೇನೇ ವ್ಯಾಪಾರ ಬೆಳೆಯೋದು. ಗೊತ್ತಿರೋರ ಪಕ್ಕ ಕೂರಬೇಡಿ, ಗೊತ್ತೇ ಇಲ್ಲದೋರ ಎದುರು ಕೂತು ಮಾತಾಡಿ. ಆಮೇಲೆ ಅವ್ರನ್ನ ನೀವು ಎಲ್ರಿಗೂ ಪರಿಚಯ ಮಾಡಿಕೊಡಬೇಕು. ಏನಮ್ಮ, ಆ ಮೂಲೇಲಿ ಒಬ್ರೇ ಕೂತಿದೀರಿ? ಯಜಮಾನ್ರೇ, ನೀವೂ ಈ ಮೂಲೇಲಿ ಒಬ್ರೇ. ಬನ್ನಿ, ನೀವಿಬ್ರೂ ಒಂದು ಜೋಡಿ.

ಇಬ್ಬರೂ ಎದುರುಬದುರು ಕೂತರು. ಜ್ಯೋತಿಲಕ್ಷ್ಮಿ ಹಿಂದೆಯೇ ನಿಂತಿದ್ದಳು.

ಕ್ಯಾತಪ್ಪ: ನಮಸ್ಕಾರ ಕಣಮ್ಮ. ತಮ್ದು ಯಾವೂರಾಯ್ತು?

ಯರ್ರಮ್ಮ: ಪರಶುರಾಂಪುರದ ಪಕ್ಕ. ತಮ್ದು?

ಕ್ಯಾತಪ್ಪ: ನಮ್ದು... ಅದ್ರ ಪಕ್ಕ.

ಯರ್ರಮ್ಮ: ಮನೆಯಾಗೆ ಯಾರ್ಯಾರವ್ರೆ?

ಕ್ಯಾತಪ್ಪ: ಒಬ್ಬಳು ಹೆಂಡ್ತಿ. ಬಾಯಿ ಸ್ವಲ್ಪ ಜೋರು.

ಯರ್ರಮ್ಮ: ಪಾಪ. ನಮ್ಮನೆಯಾಗೂ ಒಬ್ಬ ಗಂಡ ಅವ್ನೆ. ಅವ್ನ ಗೊರಕೆಗೆ ರೊಪ್ಪದ ಕುರಿಯೆಲ್ಲಾ ಎದ್ದು ನಿಂತ್ಕೋತವೆ.

ಕ್ಯಾತಪ್ಪ: ಅಂಥವಳ್ನ ಬಾಳಿಸ್ತಾ ಅವ್ನಲ್ಲ, ಪುಣ್ಯಾತ್ಮ!

ಯರ್ರಮ್ಮ: ನಿಮ್ಮ ಹೆಂಡ್ತೀನ ಒಂದಿನ ನೋಡ್ಬೇಕಲ್ಲ. ಕೈಮುಗೀಬೇಕು ಆ ತಾಯಿಗೆ.

ಜ್ಯೋತಿಲಕ್ಷ್ಮಿಗೆ ಖುಷಿಯೋ ಖುಷಿ. ಮೊದಲ ಭೇಟಿಯಲ್ಲೇ ಇಷ್ಟು ಮಾತಾಡಿದವರನ್ನು ಅವಳು ಕಂಡಿರಲಿಲ್ಲ. ಇವರಿಂದಲೇ ಶುರುವಾಗಲಿ ಎಂದು ಕ್ಯಾತಪ್ಪನ ಕೈಗೆ ಮೈಕು ಕೊಟ್ಟಳು.

ಕ್ಯಾತಪ್ಪ: ಈ ಯಮ್ಮನ ಹೆಸ್ರು ಯರ್ರಮ್ಮ. ಕುರಿ ಸಾಕೋದ್ರಾಗೆ ಇವ್ಳಂಗೆ ಇನ್ನೊಬ್ರಿಲ್ಲ. ಕುರಿ ಒಂದ್ಸಲ ಕೆಮ್ಮಿದ್ರೆ ಇವ್ಳು ಊಟ ಬಿಡ್ತಾಳೆ. ಸುಸ್ತಾಗಿ ಮನೆಗೆ ಬಂದ್ರೂ ಮೊದ್ಲು ಕುರಿಗೆ ನೀರು, ಆಮ್ಯಾಲೆ ನಂಗೆ.

ಜ್ಯೋತಿಲಕ್ಷ್ಮಿ: ನಿಮಗಾ?

ಕ್ಯಾತಪ್ಪ: ಹಾಂ... ನಂಗೆ ಅಂದ್ರೆ... ನನ್ನಂಥೋರಿಗೆ. ಯಾರಿಗಾದ್ರೂ. ಮುಖ ನೋಡಿದ್ರೆ ಗೊತ್ತಾಗಲ್ವಾ ಮೇಡಂ?

ಯರ್ರಮ್ಮ ತಲೆತಗ್ಗಿಸಿದಳು. ಇಷ್ಟು ವರ್ಷಗಳಲ್ಲಿ ಸಾರು ಚೆನ್ನಾಗಿದೆ ಎಂದೂ ಅನ್ನದ ಮನುಷ್ಯ! ಹೊಗಳಿಸಿಕೊಳ್ಳಬೇಕಾದರೆ ಪರಿಚಯ ಇಲ್ಲದವಳಾಗಬೇಕಿತ್ತು, ಇದು ಮೊದಲೇ ಗೊತ್ತಿದ್ದರೆ ಎಂದುಕೊಂಡಳು. ಅಷ್ಟರಲ್ಲಿ ಮೈಕು ಅವಳ ಕೈಗೆ ಬಂತು.

ಯರ್ರಮ್ಮ: ಇವ್ರು... ಇವ್ರ ಹೆಸ್ರು...

ನಾಲಿಗೆ ಅಲ್ಲೇ ನಿಂತಿತು. ಗಂಡನ ಹೆಸರು ಹೇಳಬಾರದು ಎಂದು ಅವ್ವ ಹಸೆಮಣೆಯ ಮೇಲೇ ಹೇಳಿಕೊಟ್ಟಿದ್ದಳು. ಪಡಿತರದ ಅಂಗಡಿಯಲ್ಲಿ ಕೇಳಿದಾಗ, ಓಟಿನ ಪಟ್ಟಿಯವರು ಬಂದಾಗ, ಪಕ್ಕದವರ ಬಾಯಲ್ಲಿ ಹೇಳಿಸಿ ಪಾರಾಗಿದ್ದಳು. ಇಲ್ಲಿ ಪಕ್ಕದಲ್ಲಿದ್ದವನು ಅವನೊಬ್ಬನೇ.

ಜ್ಯೋತಿಲಕ್ಷ್ಮಿ: ಹೇಳಿ ಅಮ್ಮ. ಅವ್ರ ಎದೆ ಮೇಲೆ ಚೀಟಿ ಇದೆಯಲ್ಲ.

ಯರ್ರಮ್ಮ: ಕನ್ನಡಕ ತಂದಿಲ್ಲ ಮೇಡಂ.

ಜ್ಯೋತಿಲಕ್ಷ್ಮಿ: ಈಗ ತಾನೇ ಅಷ್ಟೊತ್ತು ಮಾತಾಡಿದ್ರಿ, ಹೆಸರು ಕೇಳಲಿಲ್ವಾ?

ಯರ್ರಮ್ಮ: ಕೇಳಿದೀನಿ. ನಮ್ಮ ಹಟ್ಟಿ ದೇವ್ರ ಹೆಸ್ರೇ ಇವ್ರದ್ದು. ನೀವೇ ಹೇಳಿ ನೋಡನ.

ಹಿಂದಿನ ಸಾಲಿನ ಗಂಡಸರು ಉತ್ಸಾಹದಿಂದ ಊಹಿಸತೊಡಗಿದರು. ಮಾರಣ್ಣನಾ ಎಂದರು. ಅಲ್ಲ. ಬೊಮ್ಮಲಿಂಗಪ್ಪನಾ ಎಂದರು. ಅಷ್ಟುದ್ದ ಇಲ್ಲ ಎಂದಳು ಯರ್ರಮ್ಮ. ಕ್ಯಾತಪ್ಪ ಅವಳ ಕಿವಿಯ ಹತ್ತಿರ ಬಗ್ಗಿದ.

ಕ್ಯಾತಪ್ಪ (ಪಿಸುಮಾತಿನಲ್ಲಿ): ಹೇಳೇ! ಹೇಳಿದ್ರೆ ಏನ್ ಸಾಯ್ತೀಯಾ?

ಯರ್ರಮ್ಮ: ನಾನಲ್ಲ ಮಾವ, ನೀನು! ಹೇಳಿದ್ರೆ ನಿನ್ನ ಆಯುಸ್ಸು ಕಮ್ಮಿ ಆಗ್ತೈತೆ.

ಮೈಕು ಅವಳ ಬಾಯಿಯ ಹತ್ತಿರವೇ ಇತ್ತು. ಇಡೀ ಮಂಟಪಕ್ಕೆ ಕೇಳಿಸಿತು. ಬಿ.ಜಿ. ಕೆರೆಯಿಂದ ಬಂದಿದ್ದ ವನಜಾಕ್ಷಿ ಎದ್ದು ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳೂ ಕುರಿ ಸಾಕುವವಳು, ಅದೇ ಆರ್ಡರಿಗಾಗಿ ಬಂದವಳು.

ವನಜಾಕ್ಷಿ: ಅಯ್ಯೋ ದೇವುಡಾ! ಮೇಡಂ, ಅದು ಆಯಮ್ಮನ ಗಂಡ!

ನಗು ಅಡಗಿದ ಮೇಲೆ ಜ್ಯೋತಿಲಕ್ಷ್ಮಿ ಇಬ್ಬರನ್ನೂ ಪಕ್ಕಕ್ಕೆ ಕರೆದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

ಜ್ಯೋತಿಲಕ್ಷ್ಮಿ: ಒಂದು ರೊಪ್ಪಕ್ಕೆ ಕಾಯಿಲೆ ಬಿದ್ರೆ ಇನ್ನೊಂದಾದ್ರೂ ಇರ್ಲಿ ಅಂತ ಎರಡು ಕಡೆ ಕೇಳೋದು. ಮುಳ್ಳುಬೇಲಿ ಕಾಯಿಲೇನ ತಡೆಯುತ್ತಾ? ಸುಳ್ಳು ಹೇಳೋರ ಹತ್ರ ನಾವು ಹೆಂಗೆ ತಗೊಳ್ಳೋದು?

ಯರ್ರಮ್ಮನ ಕಣ್ಣ ಮುಂದೆ ಸಂತೆಯ ದಾರಿ ಹಿಡಿದ ಬಿಳಿಕಿವಿ ಬಂತು.

ಯರ್ರಮ್ಮ: ತಪ್ಪಾಯ್ತು ಮೇಡಂ. ಆದ್ರೆ ಒಂದು ಮಾತು. ಸುಳ್ಳು ಹೇಳಕ್ಕೆ ಬಂದೆ, ಬಾಯಿ ಒಪ್ಪಲಿಲ್ಲ. ಇಂಥಾ ಬಾಯಿ ಇಟ್ಕೊಂಡು ನಿಮಗೆ ಇನ್ನೇನು ಮೋಸ ಮಾಡ್ಲಿ?

ಜ್ಯೋತಿಲಕ್ಷ್ಮಿ ತಡೆಯಲಾರದೆ ನಕ್ಕಳು.

ಜ್ಯೋತಿಲಕ್ಷ್ಮಿ: ಸರಿ. ಬಿ.ಜಿ. ಕೆರೆ ವನಜಾಕ್ಷಮ್ಮಂದು ಒಂದು, ನಿಮ್ದು ಒಂದು. ನಮ್ಮ ಡಾಕ್ಟರು ಬಂದು ಕುರಿ ನೋಡಿ ಹೂಂ ಅಂದ್ರೆ ಮುಂದಿನ ಮಾತು. ಆದ್ರೆ ನಿಮ್ಮಿಬ್ರದ್ದು ಒಂದೇ ಅರ್ಜಿ.

ಕ್ಯಾತಪ್ಪ: ನನ್ನ ಹೆಸ್ರಾಗೇ ಇರ್ಲಿ ಮೇಡಂ.

ಜ್ಯೋತಿಲಕ್ಷ್ಮಿ: ಹೆಂಗಸರದ್ದಿದ್ರೆ ಮೊದಲು ನೋಡ್ಬೇಕು ಅಂತ ನಮ್ಮ ನಿಯಮ. ಮಾಲೀಕರು ಯರ್ರಮ್ಮನೋರು. ಅಮ್ಮ, ಡಾಕ್ಟರು ಬಂದಾಗ ಕುರಿ ಹಿಡ್ಕೊಳ್ಳಕ್ಕೆ ಆಳು ಇದಾರಾ?

ಯರ್ರಮ್ಮ: ಒಬ್ಬ ಅವ್ನೆ.

ಜ್ಯೋತಿಲಕ್ಷ್ಮಿ: ಹೆಸರು?

ಯರ್ರಮ್ಮ: ಕ್ಯಾತಪ್ಪ.

ನೀರು ಕುಡಿದಷ್ಟು ಸಲೀಸಾಗಿ ಬಂತು. ಕ್ಯಾತಪ್ಪ ಬಾಯಿ ಬಿಟ್ಟುಕೊಂಡು ನೋಡಿದ.

ಕ್ಯಾತಪ್ಪ: ಅಲ್ಲೇ! ಈಗ ಹೆಂಗೆ ಬಂತೇ ಬಾಯಿಗೆ? ನನ್ನ ಆಯುಸ್ಸಿನ ಗತಿ?

ಯರ್ರಮ್ಮ: ಗಂಡನ ಹೆಸ್ರು ಹೇಳ್ಬಾರ್ದು ಅಂತ ನಮ್ಮವ್ವ ಹೇಳಿದ್ಲು. ಆಳಿನ ಹೆಸ್ರು ಕೂಗ್ಬಾರ್ದು ಅಂತ ಹೇಳಿರ್ಲಿಲ್ಲ. ನಡಿ ಕ್ಯಾತಪ್ಪ, ಬೇಲಿ ಕೀಳೋದೈತೆ.