ಬಟಾಣಿಯ ಬಹಿರ್ದೆಸೆ ಪರವಾನಗಿ

“ಇನ್ನೊಂದು ಸಲ ಯಾರಾದ್ರೂ ಆ ಬೆಲ್ ಒತ್ತಿದ್ರೆ, ಬೆಲ್ಲನ್ನೇ ಕಿತ್ತು ಅವರ ಕೈಗೆ ಕೊಟ್ಟು ಕಳಿಸ್ತೀನಿ” ಎಂದು ಮೂರನೇ ಮಹಡಿಯ ಸೊಸೆ ಕಾಫಿ ಲೋಟ ಕೆಳಗಿಟ್ಟು ಎದ್ದಳು. ಅವಳು ಬಿಸಿ ಕಾಫಿ ಕುಡಿದು ಆ ಬೆಳಿಗ್ಗೆಗೆ ಸರಿಯಾಗಿ ಹನ್ನೊಂದು ದಿನವಾಗಿತ್ತು. ಮನೆಗೆ ನಾಯಿಮರಿ ಬಂದೂ ಹನ್ನೊಂದು ದಿನವಾಗಿತ್ತು. ಎರಡೂ ದೃಢಪಟ್ಟ ಸಂಗತಿಗಳು.

ಬಾಗಿಲಲ್ಲಿ ನಿಂತಿದ್ದವರು ನಿವಾಸಿಗಳ ಸಂಘದ ಕಾರ್ಯದರ್ಶಿ. ಮೂವತ್ತನಾಲ್ಕು ವರ್ಷ ಒಂದು ಕಚೇರಿಯಲ್ಲಿದ್ದು ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಬೀಳ್ಕೊಡುಗೆಯ ಭಾಷಣಕ್ಕೆ ಕಣ್ಣು ಒದ್ದೆ ಮಾಡಿಕೊಳ್ಳದವರು, ಸೀಲು ಒಪ್ಪಿಸುವಾಗ ಬಿಕ್ಕಿ ಬಿಕ್ಕಿ ಅತ್ತರೆಂದು ಅವರ ಹೆಂಡತಿಯೇ ಹೇಳಿದ್ದರು. ಸಂಘಕ್ಕೆ ಆಯ್ಕೆಯಾದ ಮೊದಲ ವಾರವೇ ಅವರೊಂದು ಸೀಲು ಮಾಡಿಸಿದರು. ಮರದ ಹಿಡಿ, ಹಿತ್ತಾಳೆಯ ತಳ, ಅರ್ಧ ಕೇಜಿ ತೂಕ. ನೆಲಮಹಡಿಯ ಕಚೇರಿಯಲ್ಲಿ ಅವರು ಅದನ್ನು ಹೊಡೆದರೆ ಮೊದಲ ಮಹಡಿಯಲ್ಲಿ ಚಮಚಗಳು ಅಲುಗುತ್ತಿದ್ದವು.

ಅವರು ಕೊಟ್ಟ ಕಾಗದದ ಮೇಲೆ ‘ಎರಡನೇ ಎಚ್ಚರಿಕೆ’ ಎಂದಿತ್ತು. ಮೊದಲ ಎಚ್ಚರಿಕೆ ಲಿಫ್ಟಿನ ಬಲಮೂಲೆಗೆ ಸಂಬಂಧಿಸಿದ್ದು. ಎರಡನೆಯದು ಕಾರ್ಯದರ್ಶಿಯವರ ಮನೆಯ ಕಾಲೊರಸಿಗೆ ಸಂಬಂಧಿಸಿದ್ದು. ಸದರಿ ಕಾಲೊರಸಿನ ಮೇಲೆ ಬರೆದಿರುವ ‘ಸುಸ್ವಾಗತ’ ಎಂಬ ಪದದ ಕೊನೆಯ ಎರಡು ಅಕ್ಷರಗಳು ಅರೆದ್ರವ ಪದಾರ್ಥದಿಂದ ಮುಚ್ಚಿಹೋಗಿ, ಬಂದ ಅತಿಥಿಗಳಿಗೆ ಸಂಘದ ನಿಲುವು ಅಸ್ಪಷ್ಟವಾಯಿತೆಂದು ಅದರಲ್ಲಿ ವಿಷಾದ ವ್ಯಕ್ತಪಡಿಸಲಾಗಿತ್ತು.

“ಮೂರನೇದು ಆದ್ರೆ?” ಎಂದು ಅವಳು ಕೇಳಿದಳು.

“ಉಚ್ಚಾಟನೆ. ಸಂಘದ ನಿಯಮ ಒಂಬತ್ತು. ನನಗೂ ಬೇಜಾರೇ ಅಮ್ಮ, ಆದ್ರೆ ನಿಯಮಕ್ಕೆ ಬೇಜಾರಾಗಲ್ಲ.”

ಅವಳ ಸೆರಗಿನ ಹಿಂದೆ ನಾಲ್ಕು ವರ್ಷದ ಮಗಳು ನಿಂತಿದ್ದಳು. ಮಗಳ ಕಂಕುಳಲ್ಲಿ ಬಟಾಣಿ ಎಂಬ ಆ ಮರಿ ಇತ್ತು. ಒಂದು ಕೇಜಿ ಇನ್ನೂರು ಗ್ರಾಂ ತೂಕ, ಅದರಲ್ಲಿ ಕಾಲು ಭಾಗ ಕಿವಿ. ಈ ಮನೆಗೆ ಬಂದಾಗಿನಿಂದ ಒಬ್ಬಳೇ ಮಲಗಲು ಒಲ್ಲೆ ಎನ್ನುತ್ತಿದ್ದ ಹುಡುಗಿ, ಮರಿ ಬಂದ ಮೇಲೆ ‘ಹೆದರಬೇಡ, ನಾನಿದ್ದೀನಿ’ ಎಂದು ಅದಕ್ಕೆ ಧೈರ್ಯ ಹೇಳುತ್ತಾ ತಾನೇ ನಿದ್ದೆ ಹೋಗುತ್ತಿದ್ದಳು. ಉಚ್ಚಾಟನೆ ಎಂದರೇನೆಂದು ಅವಳು ಕೇಳಲಿಲ್ಲ. ಮರಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಹಾಗೆ ಹಿಡಿದದ್ದರ ಪರಿಣಾಮ ಅವಳ ಫ್ರಾಕಿನ ಮೇಲಾಯಿತು. ಅದು ಮನೆಯ ಹೊಸ್ತಿಲೊಳಗೆ ನಡೆದದ್ದರಿಂದ ಸಂಘದ ವ್ಯಾಪ್ತಿಗೆ ಬರಲಿಲ್ಲ.

ಅದೇ ದಿನ ಮನೆಮಂದಿಯೆಲ್ಲ ನಾಯಿ ಡಾಕ್ಟರ ಹತ್ತಿರ ಹೋದರು. ಡಾಕ್ಟರಮ್ಮ ಮರಿಯ ಹೊಟ್ಟೆ ಒತ್ತಿ ನೋಡಿ, ಏನು ತಿನ್ನಿಸುತ್ತಿದ್ದೀರಿ ಎಂದರು. ನೀವು ಬರೆದುಕೊಟ್ಟದ್ದು ಬಿಟ್ಟು ಬೇರೇನೂ ಇಲ್ಲ ಎಂದು ಸೊಸೆ ತಲೆಯೆತ್ತಿ ಹೇಳಿದಳು. ಡಾಕ್ಟರಮ್ಮ ಉಳಿದವರನ್ನು ಒಬ್ಬೊಬ್ಬರಾಗಿ ದಿಟ್ಟಿಸಿದರು. ಮೊದಲು ಅತ್ತೆ ಕುಸಿದರು: ಪಾಪ, ತಾಯಿಯನ್ನು ಬಿಟ್ಟು ಬಂದ ಕೂಸೆಂದು ಬೆಳಿಗ್ಗೆ ಸಂಜೆ ಒಂದೊಂದು ಬಟ್ಟಲು ಹಾಲು. ಆಮೇಲೆ ಗಂಡ: ಆಮ್ಲೆಟ್ಟಿನ ಅಂಚು, ಅದೂ ಬರೀ ಅಂಚು. ಮಗಳು ಬಿಸ್ಕತ್ತಿನ ವಿಷಯ ಒಪ್ಪಿಕೊಂಡು, ಬಳಪದ ವಿಷಯ ಮುಚ್ಚಿಟ್ಟಳು. ಅವಳ ನೀಲಿ ಬೆರಳು ನೋಡಿ, ಮಂಗಳವಾರ ಮರಿ ಹಾಕಿದ್ದರ ನೀಲಿ ಬಣ್ಣ ಎಲ್ಲಿಂದ ಬಂತೆಂಬುದು ಸೊಸೆಗೆ ಆಗ ಹೊಳೆಯಿತು.

ಹಾಲು ಬಂದ್, ಅಂಚು ಬಂದ್, ದಿನಕ್ಕೆ ನಾಲ್ಕು ಸಲ ಬೇಯಿಸಿದ ಕೋಳಿ ಮತ್ತು ಅನ್ನ ಎಂದು ಡಾಕ್ಟರಮ್ಮ ಬರೆದರು. ತಿಂದ ಕಾಲು ಗಂಟೆಗೆ ಹೊರಗೆ ಕರೆದೊಯ್ಯಬೇಕು, ದಿನಾ ಒಂದೇ ಜಾಗಕ್ಕೆ. ಕೆಲಸ ಮುಗಿದ ಕೂಡಲೇ ಶಭಾಷ್ ಎಂದು, ಡಬ್ಬಿಯ ಔಷಧಿ ಬಿಸ್ಕತ್ತಿನ ಒಂದು ಚೂರು ಕೊಡಬೇಕು.

“ಒಂದು ಮಾತು ನೆನಪಿರಲಿ. ಈ ವಯಸ್ಸಲ್ಲಿ ಅದು ಯಾವುದನ್ನ ಯಾವುದಕ್ಕೆ ಜೋಡಿಸ್ಕೊಳ್ಳುತ್ತೋ ಜೀವನಪೂರ್ತಿ ಅದೇ.”

ಮನೆಗೆ ಬಂದು ನೋಡಿದರೆ ಬಾಗಿಲ ಸಂದಿನಲ್ಲಿ ಹನ್ನೊಂದು ಪುಟದ ಕಂತೆ ಕಾಯುತ್ತಿತ್ತು. ‘ಸಾಕುಪ್ರಾಣಿಗಳ ಬಹಿರ್ದೆಸೆ (ನಿಯಂತ್ರಣ ಮತ್ತು ಪ್ರೋತ್ಸಾಹ) ನಿಯಮಾವಳಿ.’ ಕಟ್ಟಡದಲ್ಲಿದ್ದ ಸಾಕುಪ್ರಾಣಿ ಒಂದೇ ಆದರೂ, ಸಂಘ ಯಾರೊಬ್ಬರನ್ನೂ ಗುರಿ ಮಾಡುವುದಿಲ್ಲವೆಂದು ಮುನ್ನುಡಿಯಲ್ಲಿ ಸ್ಪಷ್ಟಪಡಿಸಲಾಗಿತ್ತು. ಮರಿಯನ್ನು ಯಾವ ಕೈಯಲ್ಲಿ ಹಿಡಿಯಬೇಕು, ಅರ್ಜಿ ಎಷ್ಟು ಪ್ರತಿ, ಶಾಯಿ ಯಾವ ಬಣ್ಣ, ಎಲ್ಲವೂ ಅದರಲ್ಲಿತ್ತು. ನಿಯಮ ನಾಲ್ಕು ಹೀಗಿತ್ತು: ‘ಸೀಲು ಬೀಳುವ ಮೊದಲು ನಡೆಯುವ ಬಹಿರ್ದೆಸೆಯು ಅಕ್ರಮ. ಸೀಲು ಬಿದ್ದ ನಂತರ ನಡೆಯುವುದು ಸಕ್ರಮ.’

ಅವಳು ಮರಿಯನ್ನೂ ಕಂತೆಯನ್ನೂ ಎತ್ತಿಕೊಂಡು ಕೆಳಗಿಳಿದಳು.

“ಇಪ್ಪತ್ನಾಲ್ಕು ಗಂಟೆ ಮುಂಚೆ ಅರ್ಜಿ ಕೊಡಬೇಕು ಅಂತಿದೆಯಲ್ಲ ಸಾರ್. ಬರ್ತಾ ಇದೆ ಅಂತ ಅದಕ್ಕೇ ಗೊತ್ತಾಗೋದು ಅರ್ಧ ನಿಮಿಷ ಮುಂಚೆ.”

“ಅದಕ್ಕೇ ತುರ್ತು ನಮೂನೆ ಮಾಡಿದ್ದೀನಲ್ಲಮ್ಮ. ಕೆಂಪು ಕಾಗದ” ಎಂದು ಕಾರ್ಯದರ್ಶಿ ಒಂದು ಕಟ್ಟು ಮುಂದಿಟ್ಟರು.

ತುರ್ತು ನಮೂನೆಯಲ್ಲಿ ಹದಿನಾರು ಕಲಂಗಳಿದ್ದವು. ಪ್ರಾಣಿಯ ಹೆಸರು, ತಂದೆಯ ಹೆಸರು, ಬಹಿರ್ದೆಸೆಯ ಉದ್ದೇಶ, ಅಂದಾಜು ಪ್ರಮಾಣ. ಹಿಂದಿನ ಸಲದ ಸ್ವರೂಪ: ಗಟ್ಟಿ, ಮೆತ್ತಗೆ, ಹೇಳಲಾಗದು. ಮೊದಲ ವಾರವಿಡೀ ಅವಳು ‘ಹೇಳಲಾಗದು’ ಎಂಬುದಕ್ಕೆ ಗುರುತು ಹಾಕಿದಳು. ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು ಬರೆದಳು. ಗಂಡ ಅದನ್ನು ನೋಡಿ, ಎರಡನೆಯ ಮಗುವಿನ ವಿಷಯ ತನಗೂ ಒಂದು ಮಾತು ತಿಳಿಸಬಹುದಿತ್ತು ಎಂದು ಊಟಕ್ಕೆ ಕೂತ.

ದಿನಕ್ಕೆ ನಾಲ್ಕು ಸಲ ಇದೇ ನಡೆಯಿತು. ಮರಿ ತಿನ್ನುವುದು, ಅವಳು ಅದನ್ನು ನಿಯಮದಂತೆ ಎಡಗೈಯಲ್ಲಿ ಹಿಡಿದು, ಬಾಲದಡಿ ಒಂದು ಹಳೆ ಟವೆಲ್ ಒತ್ತಿಕೊಂಡು, ಬಲಗೈಯಲ್ಲಿ ಕೆಂಪು ಕಾಗದದೊಡನೆ ಮೆಟ್ಟಿಲಿಳಿಯುವುದು. ಕಾರ್ಯದರ್ಶಿ ಕನ್ನಡಕ ಒರೆಸುವರು. ಹದಿನಾರು ಕಲಂ ಓದುವರು, ಮನಸ್ಸಿನಲ್ಲಲ್ಲ, ಬಾಯಿಬಿಟ್ಟು. ಸೀಲಿನ ತಳಕ್ಕೆ ಉಫ್ ಎಂದು ಊದುವರು. ಬಟಾಣಿ ಈ ಹೊತ್ತಿಗೆ ಕಣ್ಣುಗುಡ್ಡೆ ಮೇಲೆ ಮಾಡಿಕೊಂಡು, ನಾಲ್ಕೂ ಕಾಲು ಒಟ್ಟುಗೂಡಿಸಿ ನಡುಗುತ್ತಿರುವುದು. ಆಮೇಲೆ ಧಡ್. ಅವಳು ಹಿಂಬಾಗಿಲಿನಿಂದ ಓಡಿ ಕಾಂಪೌಂಡಿನ ಪಕ್ಕದ ಹುಲ್ಲಿನ ಮೇಲೆ ಮರಿಯನ್ನು ಬಿಡುವುದು, ಅದು ತನ್ನ ಕೆಲಸ ಮುಗಿಸುವುದು, ಶಭಾಷ್, ಬಿಸ್ಕತ್ತು.

ಮೂರನೇ ವಾರಕ್ಕೆ ಹೊಟ್ಟೆ ಸರಿಹೋಯಿತು. ಅವಳು ಮೊತ್ತಮೊದಲ ಸಲ ‘ಗಟ್ಟಿ’ ಎಂಬುದಕ್ಕೆ ಗುರುತು ಹಾಕಿದ ದಿನ ಕಾರ್ಯದರ್ಶಿ ಎದ್ದು ನಿಂತು ಅಭಿನಂದಿಸಿ, ವಹಿಯಲ್ಲಿ ‘ಪ್ರಗತಿ ತೃಪ್ತಿಕರ’ ಎಂದು ಬರೆದರು. ಅವಳು ಮದುವೆಯಾಗಿ ಆರು ವರ್ಷದಲ್ಲಿ ಯಾರೂ ಅವಳ ಯಾವ ಕೆಲಸಕ್ಕೂ ಎದ್ದು ನಿಂತಿರಲಿಲ್ಲ. ಆ ವಾರದಿಂದ ಕಚೇರಿಗೆ ಭಾನುವಾರದ ರಜೆಯನ್ನೂ ಘೋಷಿಸಲಾಯಿತು.

ಆ ಭಾನುವಾರ ಬಟಾಣಿ ಹುಲ್ಲಿನ ಮೇಲೆ ಹೋಗಿ ಮೂಸಿತು, ಕುಳಿತಿತು, ತಲೆಯೆತ್ತಿ ಅವಳ ಮುಖ ನೋಡಿತು. ಬೇರೇನೂ ಮಾಡಲಿಲ್ಲ. ಹತ್ತು ಗಂಟೆಗೂ ಇಲ್ಲ, ಮಧ್ಯಾಹ್ನ ಒಂದಕ್ಕೂ ಇಲ್ಲ. ಹೊಟ್ಟೆ ತಮಟೆಯಂತಾಯಿತು. ಅವಳಿಗೆ ಡಾಕ್ಟರಮ್ಮನ ಮಾತು ನೆನಪಾಯಿತು. ಮರಿ ಹುಲ್ಲನ್ನು ಕಲಿತಿರಲಿಲ್ಲ. ಸೀಲನ್ನು ಕಲಿತಿತ್ತು.

ಮನೆಯಲ್ಲಿ ಪ್ರಯೋಗಗಳು ಶುರುವಾದವು. ಅತ್ತೆ ಲಟ್ಟಣಿಗೆಯಿಂದ ಮಣೆಗೆ ಕುಟ್ಟಿದರು. ಗಂಡ ದಪ್ಪದೊಂದು ಪುಸ್ತಕವನ್ನು ನೆಲಕ್ಕೆ ಅಪ್ಪಳಿಸಿದ. ಬಟಾಣಿ ಪ್ರತಿಯೊಂದು ಶಬ್ದವನ್ನೂ ಕಿವಿ ನಿಮಿರಿಸಿ ಪರಿಶೀಲಿಸಿ, ನಕಲಿ ಎಂದು ತಿರಸ್ಕರಿಸಿತು. ಫೋನಿನಲ್ಲಿ ಡಾಕ್ಟರಮ್ಮ ಗಾಬರಿಯಾದರು. ಇಷ್ಟು ಚಿಕ್ಕ ಮರಿ ಹೀಗೆ ಕಟ್ಟಿಕೊಂಡರೆ ಜೀವಕ್ಕೇ ಕುತ್ತು, ಸಂಜೆಯೊಳಗೆ ಆಗಲೇಬೇಕು ಎಂದರು. ಮಗಳು ಮರಿಯ ಪಕ್ಕ ಮಲಗಿ, ‘ಹೆದರಬೇಡ, ನಾನಿದ್ದೀನಿ’ ಎನ್ನುತ್ತಿದ್ದಳು. ಈ ಸಲ ಅವಳ ದನಿಯಲ್ಲೇ ಧೈರ್ಯವಿರಲಿಲ್ಲ.

ಸೊಸೆ ಕಾರ್ಯದರ್ಶಿಯವರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಕನ್ನಡಕ ಕಳಚಿದರು.

“ಅಂದ್ರೆ ಅದು ಸೀಲಿಗೋಸ್ಕರ ಕಾಯ್ತಾ ಇದೆಯಾ?” ಎಂದರು. ಕಣ್ಣಂಚು ಒದ್ದೆಯಾಗಿತ್ತು. “ಮೂವತ್ತನಾಲ್ಕು ವರ್ಷ ಜನ ಕಾಯೋದು ನೋಡಿದ್ದೀನಮ್ಮ. ಬೈಕೊಂಡು ಕಾಯೋರು. ಇಷ್ಟು ನಂಬಿಕೆಯಿಂದ ಯಾರೂ ಕಾದಿರಲಿಲ್ಲ.”

“ಹಾಗಾದ್ರೆ ಒಂದು ಸಲ ಹೊಡೆದುಬಿಡಿ ಸಾರ್.”

“ಭಾನುವಾರ ಹೇಗೆ ಹೊಡೀಲಿ? ರಜಾದಿನ ಸಿಕ್ಕೋ ಸೀಲಿಗೆ ಏನಮ್ಮ ಮರ್ಯಾದೆ?”

ಆದರೆ ಅವರು ಕಟುಕರಲ್ಲ. ಕೂಡಲೇ ನೆಲಮಹಡಿಯ ಕಚೇರಿಯಲ್ಲಿ ಕಾರ್ಯಕಾರಿ ಸಮಿತಿಯ ತುರ್ತುಸಭೆ ಕರೆದರು. ಅವಳು ಮಗಳ ಜೊತೆ ಬಟಾಣಿಯನ್ನು ಎತ್ತಿಕೊಂಡು ಅಲ್ಲಿಗೆ ಬಂದಳು. ಸಮಿತಿ ಎಂದರೆ ಮೂವರು: ಇವರು, ಹಲ್ಲಿನ ಡಾಕ್ಟರಾಗಿದ್ದ ಅಧ್ಯಕ್ಷರು, ಮತ್ತು ಮೊದಲ ಮಹಡಿಯ ಖಜಾಂಚಿ ಆಂಟಿ. ಅಧ್ಯಕ್ಷರು ಬೆರಳು ತೋರಿಸಿದಲ್ಲಿ ಸಹಿ ಹಾಕುವ ಸಜ್ಜನರು. ಚಮಚಗಳು ಅಲುಗುತ್ತಿದ್ದದ್ದು ಆಂಟಿಯ ಮನೆಯಲ್ಲೇ. ದಿನಕ್ಕೆ ನಾಲ್ಕು ಸಲ ಬೆಚ್ಚಿಬಿದ್ದು ಅವರು ರೋಸಿಹೋಗಿದ್ದರು. ಸೀಲಿಲ್ಲದೆ ಬದುಕಲಾರದ ಪ್ರಾಣಿ ಕಚೇರಿಗೆ ಹೊರೆಯೆಂದೂ, ಭಾನುವಾರದ ವಿಷಯ ಚರ್ಚಿಸುವ ಬದಲು ಪ್ರಾಣಿಯನ್ನೇ ಕಳಿಸಿಬಿಟ್ಟರೆ ಎರಡೂ ಸಮಸ್ಯೆ ಮುಗಿಯುತ್ತವೆಂದೂ ಅವರು ಮಂಡಿಸಿದರು. ಮೂರನೇ ತಪ್ಪು ಇನ್ನೂ ಆಗಿಲ್ಲವಲ್ಲ ಎಂದು ಕಾರ್ಯದರ್ಶಿ ಮೆಲ್ಲಗೆ ನೆನಪಿಸಿದರು. ಸರಿಯಾದ ಸಮಯಕ್ಕೆ ಮಾಡದಿರುವುದೂ ತಪ್ಪೇ ಎಂದು ಆಂಟಿ ವಾದಿಸಿದರು. ಅಧ್ಯಕ್ಷರು ತಲೆಯಾಡಿಸಿದರು. ಎರಡು ಮತ, ಒಂದರ ವಿರುದ್ಧ. ಕಾರ್ಯದರ್ಶಿ ಉಚ್ಚಾಟನೆಯ ಆದೇಶವನ್ನು ತಾವೇ ಕೈಯಾರೆ ಬರೆದರು, ಮೂರು ಪ್ರತಿ.

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಆದೇಶದ ಕಾಗದ ನೋಡುತ್ತಿದ್ದಳು.

“ಸಾರ್, ಈ ಆದೇಶಕ್ಕೆ ಸೀಲು ಬೇಡ್ವಾ?”

“ಸೀಲಿಲ್ಲದ ಆದೇಶ ಆದೇಶವೇ ಅಲ್ಲಮ್ಮ.”

“ಇವತ್ತು ಭಾನುವಾರ.”

“ಉಚ್ಚಾಟನೆಗೆ ರಜೆ ಅನ್ವಯಿಸಲ್ಲ” ಎಂದರು ಆಂಟಿ. “ಸಂಘದ ಒಂಬತ್ತನೇ ನಿಯಮದಲ್ಲೇ ಇದೆ, ನೋಡ್ಕೊ.”

“ಸರಿ ಹಾಗಾದ್ರೆ. ಕೊನೇ ಸಲ ಮುಖ ನೋಡಿ ಕಳಿಸಿ” ಎಂದು ಅವಳು ಬಟಾಣಿಯನ್ನು ಮೇಜಿನ ಮೇಲೆ, ಆದೇಶದ ಪಕ್ಕದಲ್ಲೇ ಇಳಿಸಿದಳು.

ಕಾರ್ಯದರ್ಶಿ ಕನ್ನಡಕ ಒರೆಸಿದರು. ತಳಕ್ಕೆ ಉಫ್ ಎಂದು ಊದಿದರು. ಬಟಾಣಿಯ ಕಿವಿಗಳು ನಿಮಿರಿದವು.

ಧಡ್.

ಬಟಾಣಿ ಮೂರು ಸುತ್ತು ಸುತ್ತಿ, ಮೂಲಪ್ರತಿಯ ಮೇಲೆ ಕುಳಿತು, ಇಡೀ ದಿನದ ಬಾಕಿ ಕೆಲಸವನ್ನು ಒಂದೇ ಸಲಕ್ಕೆ ವಿಲೇವಾರಿ ಮಾಡಿತು. ಅವಳು ಡಾಕ್ಟರಮ್ಮ ಹೇಳಿದಂತೆ ಶಭಾಷ್ ಎಂದು ಬಿಸ್ಕತ್ತು ಕೊಟ್ಟಳು. ಕಾರ್ಯದರ್ಶಿ ಬಗ್ಗಿ ನೋಡಿ, “ಗಟ್ಟಿ” ಎಂದು ವಹಿಯಲ್ಲಿ ಬರೆದುಕೊಂಡರು.

ಇದೇ ಮೂರನೇ ತಪ್ಪು ಎಂದು ಆಂಟಿ ಎದ್ದರು. ನಾಲ್ಕನೇ ನಿಯಮ ಓದಿ ಎಂದು ಅವಳು ಕೂತಲ್ಲೇ ಹೇಳಿದಳು. ಓದಲಾಯಿತು. ಸೀಲು ಮೊದಲು ಬಿದ್ದಿತ್ತು, ಬಹಿರ್ದೆಸೆ ನಂತರ ನಡೆದಿತ್ತು. ಸೀಲು ಯಾವ ಕಾಗದದ ಮೇಲೆ ಬೀಳಬೇಕೆಂದು ನಿಯಮ ಹೇಳಿರಲಿಲ್ಲ. ಹಾಗಾದರೆ ಎಲ್ಲಿ ಮಾಡಬೇಕೆಂಬುದು ಎಲ್ಲೋ ಇರಲೇಬೇಕಲ್ಲ ಎಂದು ಹನ್ನೊಂದು ಪುಟವನ್ನೂ ಹುಡುಕಿದರು. ಶಾಯಿಯ ಬಣ್ಣ ಎರಡು ಕಡೆ ಇತ್ತು. ಜಾಗ ಎಲ್ಲೂ ಇರಲಿಲ್ಲ. ಇನ್ನು ಆದೇಶದ ಮೂಲಪ್ರತಿಯನ್ನು ಕಡತಕ್ಕೆ ಸೇರಿಸಲು ಸಮಿತಿಯ ಯಾವ ಸದಸ್ಯರೂ ಮುಂದೆ ಬರಲಿಲ್ಲ. ಕಡತಕ್ಕೆ ಸೇರದ ಆದೇಶ ಜಾರಿಗೆ ಬರುವುದಿಲ್ಲ.

ನಿಯಮ ತಿದ್ದಬೇಕೆಂದರೆ ಎಲ್ಲ ನಿವಾಸಿಗಳ ಸಭೆಯಾಗಬೇಕು, ಮೂರರಲ್ಲಿ ಎರಡು ಭಾಗ ಜನ ಬರಬೇಕು. ಕಟ್ಟಡ ಕಟ್ಟಿದಾಗಿನಿಂದ ಅಷ್ಟು ಜನ ಯಾವ ಸಭೆಗೂ ಬಂದವರಲ್ಲ. ಆದ್ದರಿಂದ ಯಥಾಸ್ಥಿತಿಯನ್ನು ಮುಂದುವರಿಸಲು ಒಮ್ಮತದಿಂದ ತೀರ್ಮಾನವಾಯಿತು. ಒಮ್ಮೆ ಮೇಜಿನ ರುಚಿ ಕಂಡ ಬಟಾಣಿಗೂ ಹುಲ್ಲಿನ ತನಕ ಓಡುವ ಅಗತ್ಯ ಕಾಣಲಿಲ್ಲ. ಈಗ ದಿನಕ್ಕೆ ನಾಲ್ಕು ಸಲ, ರಜೆ ರದ್ದಾದ ಭಾನುವಾರವೂ ಸೇರಿ, ಸಂಘದ ಮೇಜಿನ ಮೇಲೆ ಹಳೆ ಪೇಪರು ಹಾಸಲಾಗುತ್ತದೆ. ಪೇಪರು ಕೊಡುವವರು ಖಜಾಂಚಿ ಆಂಟಿ. ಕಾರು ನಿಲ್ಲಿಸಲು ಪರವಾನಗಿ, ನೀರಿನ ದೂರು ಎಂದು ಬಂದವರು ಗೋಡೆಯ ಕಡೆ ಮುಖ ಮಾಡಿ, ಬಟಾಣಿಯದು ಮೊದಲು ಮುಗಿಯಲಿ ಎಂದು ಕಾಯುತ್ತಾರೆ. ಹಾಗೆ ಕಾಯದೆ ಅವಸರ ಮಾಡಿದವರ ಅರ್ಜಿಗಳ ಗತಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಕಟ್ಟಡದಲ್ಲಿ ನಿಯಮ ಮುರಿಯದ ಏಕೈಕ ನಿವಾಸಿ ಎಂದು ಫಲಕದಲ್ಲಿ ಅದರ ಫೋಟೋ ಹಾಕಿದ್ದಾರೆ.

ಮರುವಾರ ಮಗಳು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಅರ್ಧ ಗಂಟೆ ಕೂತು, ಬರುತ್ತಿಲ್ಲ, ಸೀಲು ಬೇಕು ಎಂದಳು. ಅಮ್ಮ ಬೈದಳು, ಮುದ್ದು ಮಾಡಿದಳು, ಚೊಂಬಿನಿಂದ ಬಾಗಿಲಿಗೆ ಕುಟ್ಟಿದಳು. ಕೊನೆಗೆ ಒಂದು ಕೆಂಪು ಕಾಗದ ತುಂಬಿ, ಮಗಳ ಕೈಹಿಡಿದು ಕೆಳಗೆ ಹೋದಳು. ಕಾರ್ಯದರ್ಶಿ ಹದಿನಾರು ಕಲಂ ಓದಿ, ತಂದೆಯ ಹೆಸರು ಅದೇ ಇರುವುದನ್ನು ಖಚಿತಪಡಿಸಿಕೊಂಡು ಸೀಲು ಹೊಡೆದುಕೊಟ್ಟರು. ಮಗಳು ಮೆಟ್ಟಿಲು ಹತ್ತಿ ಓಡಿದಳು.

ಎಲ್ಲ ಸುಸೂತ್ರವಾಗಿ ಮುಗಿಯಿತು. ಮನೆ ತಣ್ಣಗಿತ್ತು. ಬೆಲ್ ಆಗಲಿಲ್ಲ. ಅವಳು ಹಬೆಯಾಡುವ ಕಾಫಿ ಲೋಟ ಹಿಡಿದು ಕಿಟಕಿಯ ಬಳಿ ಕೂತಳು. ತುಟಿಗೆ ಇಡಬೇಕು, ಅಷ್ಟರಲ್ಲಿ ಮಗಳು ಮರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು ಎದುರಿಗೆ ನಿಂತಳು. ಅವಳ ಪ್ರಶ್ನೆಗೆ ಉತ್ತರ ನಿಯಮಾವಳಿಯ ಹನ್ನೊಂದು ಪುಟದಲ್ಲೂ ಇರಲಿಲ್ಲ, ಮತ್ತು ಯೋಚಿಸುತ್ತ ಕೂತ ಅಮ್ಮನ ಕೈಯಲ್ಲಿ ಆ ದಿನದ ಕಾಫಿಯೂ ಆರಿಹೋಯಿತು. ಮಗಳು ಕೇಳಿದ್ದು ಇಷ್ಟೇ:

“ಅಮ್ಮಾ, ಕಾರ್ಯದರ್ಶಿ ತಾತಂಗೆ ಯಾರು ಸೀಲು ಹೊಡೀತಾರೆ?”