ಎರಡನೆಯ ಉತ್ತರವನ್ನು ಬಯಲು ಮಾಡಿದ ಚದುರಂಗದ ಯಂತ್ರಕ್ಕೆ

ಚದುರಂಗದ ಸಮಸ್ಯೆ ರಚಿಸುವ ಮಾನ್ಯ ಕಂಪ್ಯೂಟರ್ ಮಹಾಶಯರೇ,

ಐದನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದು ಕತ್ತರಿ ಹಿಡಿದ ನನ್ನ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದಕ್ಕೆ ಮೊದಲು ತಮಗೊಂದು ನಮಸ್ಕಾರ. ಎದುರಿಗೆ ನಿಂತು ನಾಲ್ಕು ಮಾತು ಅಂದುಬಿಡೋಣವೆಂದರೆ ತಮಗೆ ಕಿವಿಯೇ ಇಲ್ಲ.

ನನ್ನ ಕ್ಷೌರದಂಗಡಿಯ ಬೆಂಚಿನ ಪಕ್ಕ ಚದುರಂಗದ ಮಣೆಯಿದೆ. ಪ್ರತಿ ಸೋಮವಾರ ಅದರ ಮೇಲೆ ನಾನೇ ಕಟ್ಟಿದ ಸಮಸ್ಯೆಯೊಂದನ್ನು ಹೂಡುತ್ತೇನೆ. ಮೂರು ನಡೆಯಲ್ಲಿ ಕಪ್ಪು ರಾಜನನ್ನು ಕಟ್ಟಿಹಾಕಿದವರಿಗೆ ಸರದಿಯಿಲ್ಲದೆ ಕುರ್ಚಿ. ನನ್ನ ಅಕ್ಕನ ಗಂಡ, ನಿವೃತ್ತ ರೈಲ್ವೆ ಗಾರ್ಡ್, ಮೊದಲೆಲ್ಲ ನಾನು ನೊರೆ ಕಲಸುವಷ್ಟರಲ್ಲಿ ಬಿಡಿಸುತ್ತಿದ್ದರು. ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿ ಬಂದ ಮೇಲೆ ಅದು ಆಗಲಿಲ್ಲ. ಅಂದಿನಿಂದ ಆರು ವರ್ಷ, ಸಮಸ್ಯೆಗೆ ಒಂದೇ ಉತ್ತರವಿರಬೇಕೆಂಬ ನಿಯಮ ಮುರಿದು, ಪ್ರತಿಯೊಂದರಲ್ಲೂ ಕಷ್ಟದ ಉತ್ತರದ ಜೊತೆಗೆ ಭಾವನಿಗೆಂದೇ ಸುಲಭದ್ದೊಂದನ್ನು ಬಿಟ್ಟಿಡುತ್ತಿದ್ದೆ. ಅವರು ಆನೆ ಸರಿಸಿ, ಮೀಸೆ ತಿರುವಿ, ಕುರ್ಚಿ ಏರುತ್ತಿದ್ದರು.

ಹೋದ ತಿಂಗಳು ಸೊಸೆ ತಮ್ಮನ್ನು ಫೋನಿನಲ್ಲಿ ಕರೆತಂದಳು. ತಾವು ನಿಮಿಷಕ್ಕೆ ನಲವತ್ತು ಸಮಸ್ಯೆ ಹೆರುತ್ತೀರಂತೆ, ಒಂದರಲ್ಲೂ ಕುಂದಿಲ್ಲವಂತೆ, ಸಂತೋಷ. ತಮ್ಮ ಒಂಬತ್ತು ನಡೆಯ ಸಮಸ್ಯೆಯ ಮುಂದೆ ಕೂತವರ ಗಡ್ಡ ಅಲ್ಲೇ ಇನ್ನೊಂದು ಅಂಗುಲ ಬೆಳೆಯಿತು, ನನ್ನ ಕಸುಬಿಗೆ ಅದೂ ಉಪಕಾರವೇ. ಆದರೆ ಅಷ್ಟಕ್ಕೆ ನಿಲ್ಲದೆ ತಾವು ನನ್ನ ಹಳೆಯ ಸಮಸ್ಯೆಗಳನ್ನೂ ಪರೀಕ್ಷಿಸುವ ದೊಡ್ಡ ಮನಸ್ಸು ಮಾಡಿ, ಬೆಂಚು ತುಂಬ ಜನ ಕೂತಿದ್ದಾಗ, ‘ದೋಷ: ಪ್ರತಿಯೊಂದಕ್ಕೂ ಎರಡು ಉತ್ತರ’ ಎಂದು ಗಟ್ಟಿಯಾಗಿ ಸಾರಿದಿರಿ.

ಭಾವ ಕೈಲಿದ್ದ ಆನೆಯನ್ನು ಮಣೆಯ ಮೇಲಿಟ್ಟರು. “ಆರು ವರ್ಷದಿಂದ ನನ್ನನ್ನ ಮಗು ಥರ ಆಡಿಸ್ತಿದ್ದೆಯೇನೋ?” ಅಂದವರೇ ಟೋಪಿ ಹಾಕಿಕೊಂಡು ಹೋದರು. ಮೂರು ಸೋಮವಾರ ಆಯಿತು, ಇತ್ತ ತಲೆ ಹಾಕಿಲ್ಲ. ಅಕ್ಕ ಅಡುಗೆಮನೆಯ ಕತ್ತರಿಯಲ್ಲಿ ಅವರ ಕೂದಲು ಕತ್ತರಿಸಿದ್ದಾಳೆ. ಆ ತಲೆಯನ್ನು ನಿನ್ನೆ ಬೀದಿಯಲ್ಲಿ ಕಂಡೆ. ಅದರ ಬಗ್ಗೆ ಬರೆಯುವುದು ಬೇಡ.

ಆದಕಾರಣ, ಕೋಟಿಗಟ್ಟಲೆ ನಡೆ ಎಣಿಸಬಲ್ಲ ತಮಗೆ ಒಂದೇ ಒಂದು ಸುಳ್ಳು ಭಾರವಾಗಲಾರದೆಂದು ನಂಬಿ ಕೇಳುತ್ತಿದ್ದೇನೆ. ತಪ್ಪಿದ್ದು ತಾವು, ನನ್ನ ಸಮಸ್ಯೆಗಳಿಗಿದ್ದದ್ದು ಒಂದೊಂದೇ ಉತ್ತರ, ಅದು ಭಾವ ಹೇಳಿದ್ದೇ ಎಂದು ಅದೇ ಗಟ್ಟಿ ದನಿಯಲ್ಲಿ, ಅದೇ ಬೆಂಚಿನವರ ಮುಂದೆ ಹೇಳತಕ್ಕದ್ದು. ಸುಳ್ಳು ಬರುವುದಿಲ್ಲ ಎನ್ನುವುದಾದರೆ ಒಮ್ಮೆ ತಮ್ಮವರೊಬ್ಬರು ಕಾಯಿಲೆ ಬಿದ್ದು ಎದ್ದು ಬರಲಿ, ತಾನಾಗಿ ಬರುತ್ತದೆ.

ಸದ್ಯಕ್ಕಂತೂ ತಮ್ಮ ವಿಶ್ವಾಸಿ,
ಮೂಲೆಯಂಗಡಿಯ ಕ್ಷೌರಿಕ

ಮರೆತ ಮಾತು: ಭಾವ ಪತ್ರಿಕೆಯಲ್ಲಿ ರೈಲಿನ ಸುದ್ದಿ ಬಿಟ್ಟು ಬೇರೇನೂ ಓದುವುದಿಲ್ಲ, ಅದಕ್ಕೇ ಇದನ್ನು ಪತ್ರಿಕೆಗೇ ಬಹಿರಂಗವಾಗಿ ಬರೆದೆ. ಓದಿದ ಮಿಕ್ಕವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಅದನ್ನು ತಾವೂ ಅವರಿಂದ ಕಲಿಯಬಹುದು. ಹದಿನೆಂಟನೇ ತಾರೀಖು, ಸೋಮವಾರ, ಅಂಗಡಿ ಬಾಗಿಲು ತೆಗೆಯುವುದರೊಳಗೆ ಉತ್ತರ ಬರಬೇಕು.