ನಮ್ಮ ಕರಿ ಮೋಟಾರಿಗೆ ಗಿರಾಕಿ

ಮೋಟಾರು ಮಾರುವುದಿದೆ ಎಂದು ಊರಲ್ಲಿ ಒಬ್ಬರ ಕಿವಿಗೆ ಹಾಕಿದರೆ ಸಾಕು, ಕೊಳ್ಳುವವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಮನೆಗೆ ಬರುತ್ತಾರೆ. ಗೋಕಾಕದ ನಮ್ಮ ಅಂಗಳದಲ್ಲಿ ಎರಡು ತಿಂಗಳು ಇದೇ ನಡೆಯಿತು.

ಯುದ್ಧದ ಕಾಲ. ಪೆಟ್ರೋಲಿಗೆ ರೇಷನ್ ಚೀಟಿ ಬಂದಿತ್ತು. ನಮ್ಮ ಯಜಮಾನರು ಡಾಕ್ಟರು, ರೋಗಿಗಳನ್ನು ನೋಡಲು ಸೈಕಲ್ಲಿನಲ್ಲಿ ಹೋಗುವುದನ್ನು ರೂಢಿ ಮಾಡಿಕೊಂಡಿದ್ದರು. ಅದೇ ವರ್ಷ ಮಗಳಿಗೆ ಮುಂಬಯಿಯಲ್ಲಿ ಡಾಕ್ಟರಕಿ ಓದಲು ಜಾಗ ಸಿಕ್ಕಿತು. ಜೂನ್ ತಿಂಗಳೊಳಗೆ ಹಣ ಕಟ್ಟಬೇಕು. ನಮ್ಮ ಅತ್ತೆಯವರು ಒಂದೇ ಮಾತಿನಲ್ಲಿ ಇತ್ಯರ್ಥ ಮಾಡಿದರು: "ಮೋಟಾರ ಹೋತಂದ್ರ ಹುಡುಗಿ ಮುಂಬಯಿಗೆ ಹೋಗ್ಲಿ. ಹೋಗ್ಲಿಲ್ಲಂದ್ರ ಸಂಕೇಶ್ವರದ ವರ ಕಾಯಾಕತ್ತಾನ, ಅಲ್ಲಿಗೆ ಹೋಗ್ಲಿ."

ನಾನು ಒಪ್ಪಿದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಕಲಿತವಳು ನಾನು. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟವರನ್ನು ಅಲ್ಲಿ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಒಂಬತ್ತು ವರ್ಷ ಆ ಮೋಟಾರನ್ನು ಹೇಗೆ ಇಟ್ಟಿದ್ದೆನೆಂದರೆ, ಶನಿವಾರಕ್ಕೊಮ್ಮೆ ಅದರ ಗಾಲಿಗಳಿಗೂ ಸಾಬೂನಿನ ಸ್ನಾನ. ಆಸನಗಳಿಗೆ ಬಿಳಿ ಗವಸು. ಕಾಲು ಒರೆಸಿಕೊಳ್ಳದೆ ಯಾರೂ ಹತ್ತುವಂತಿಲ್ಲ, ಯಜಮಾನರೂ ಸಹ.

ಬಾಗಿಲ ಮೇಲಿನ ಗೀರು

ಮೊದಲು ಬಂದವರು ಕಲ್ಲೋಳಿಯ ಹತ್ತಿ ವ್ಯಾಪಾರಿ. ಮೋಟಾರಿನ ಸುತ್ತ ಎರಡು ಸಲ ತಿರುಗಿದರು. ಬಗ್ಗಿ ಅಡಿಯಲ್ಲಿ ನೋಡಿದರು. ಬೆರಳಿನಿಂದ ಮಡ್‌ಗಾರ್ಡ್ ಒರೆಸಿ, ಬೆರಳಿಗೆ ಧೂಳು ಹತ್ತದಿದ್ದುದನ್ನು ಕಂಡು ಅವರ ಮುಖ ಸಣ್ಣದಾಯಿತು.

"ಅವ್ವಾರ, ಇದು ಎಷ್ಟು ವರ್ಷದ್ದಂದ್ರಿ?"

"ಒಂಬತ್ತು."

"ಒಂಬತ್ತು ವರ್ಷ ಓಡಿದ ಗಾಡಿ ಹಿಂಗ ಇರ್ತೈತೇನ್ರಿ? ಇದು ಓಡೇ ಇಲ್ಲ. ಏನರೆ ಖೋಡಿ ಇರಬೇಕು."

ಎಂಜಿನ್ ಚಾಲೂ ಮಾಡಿಸಿ ತೋರಿಸಿದೆ. ಖೋಡಿ ಏನಿದ್ದರೂ ಮುಚ್ಚಿಡುವುದು ನನ್ನ ಸ್ವಭಾವವಲ್ಲ ಎಂದು ಹೇಳಿ, ಹಿಂದಿನ ಎಡಬಾಗಿಲಿನ ಮೇಲೆ ಗೇಣುದ್ದದ ಗೀರನ್ನೂ ನಾನಾಗಿಯೇ ತೋರಿಸಿದೆ. ಅವರು ತಟ್ಟನೆ ರುಮಾಲು ಸರಿಪಡಿಸಿಕೊಂಡು ಹೊರಟರು. ಗೇಟಿನ ಹತ್ತಿರ ನಮ್ಮವರಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು.

"ಡಾಕ್ಟರ, ಮಾರವ್ರು ತಾವಾಗೇ ಒಂದು ಖೋಡಿ ತೋರಿಸ್ಯಾರಂದ್ರ, ಒಳಗ ಹತ್ತು ಇರ್ತಾವ್ರಿ. ನಾನೂ ಹತ್ತಿ ಮಾರಾಂವನ ಅಲ್ಲೇನ್ರಿ."

ನೊಗ ಎಲ್ಲಿ ಕಟ್ಟುವುದು

ಘೋಡಗೇರಿಯ ಒಬ್ಬ ದೊಡ್ಡ ರೈತರಿಗೆ ಮೋಟಾರು ಬಹಳ ಮನಸ್ಸಿಗೆ ಬಂತು. ಬಣ್ಣ ಮೆಚ್ಚಿದರು, ನಾನು ಹೇಳಿದಂತೆ ಕಾಲು ಒರೆಸಿಕೊಂಡು ಹತ್ತಿ ಆಸನ ಮೆಚ್ಚಿದರು, ಹಾರ್ನ್ ನಾಲ್ಕು ಸಲ ಬಾರಿಸಿ ಮೆಚ್ಚಿದರು. ಆಮೇಲೆ ಮುಂದಿನ ಬಂಪರಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ವಿಚಾರ ಮಾಡಿದರು.

"ಏನು ನೋಡಾಕತ್ತೀರಿ?" ಎಂದೆ.

"ಪೆಟ್ರೋಲ ಸಿಗಂಗಿಲ್ಲಲ್ರಿ. ನೊಗ ಎಲ್ಲಿ ಕಟ್ಟೂದು ಅಂತ ನೋಡಾಕತ್ತೇನಿ. ನನ್ನ ಎತ್ತು ಭಾಳ ಗಟ್ಟಿ ಅದಾವು."

ಇದು ಎತ್ತು ಹೂಡುವ ವಾಹನವಲ್ಲ, ಹಾಗೆ ಮಾಡುವವರಿಗೆ ನಾನು ಕೊಡುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದೆ. ಅವರಿಗೆ ಸ್ವಲ್ಪವೂ ಬೇಸರವಾಗಲಿಲ್ಲ.

"ಗಾಬರಿ ಆಗಬ್ಯಾಡ್ರಿ ಅವ್ವಾರ. ಎತ್ತಿನ ಕಾಲೂ ಒರಸೇ ಹೂಡ್ತೇನಿ."

ವಕೀಲರ ಪರೀಕ್ಷೆ

ಹುಕ್ಕೇರಿಯ ವಕೀಲರು ಕಾಗದ ಬರೆದು, ಮೋಟಾರನ್ನು ಒಂದು ದಿನ ಓಡಿಸಿ ಪರೀಕ್ಷೆ ಮಾಡಿ ತೆಗೆದುಕೊಳ್ಳುವುದಾಗಿ ತಿಳಿಸಿದರು. ಶಿಸ್ತಿನ ಮನುಷ್ಯ ಎಂದು ನನಗೆ ಸಮಾಧಾನವಾಯಿತು. ಕೂಡಿಟ್ಟ ಪೆಟ್ರೋಲು ಹಾಕಿಸಿ, ನಮ್ಮವರನ್ನೇ ಡ್ರೈವರು ಮಾಡಿ ಕಳಿಸಿದೆ.

ಸಂಜೆ ನಮ್ಮವರು ಹಣೆಗೆ ಕುಂಕುಮ, ತಲೆಯಲ್ಲಿ ಅಕ್ಷತೆ, ಕೈಯಲ್ಲಿ ಬುಂದೆ ಲಾಡಿನ ಪೊಟ್ಟಣ ಹಿಡಿದು ಬಂದರು. ಹಿಂದಿನ ಆಸನದ ಬಿಳಿ ಗವಸಿನ ಮೇಲೆ ಅರಿಸಿನದ ಐದು ಬೆರಳು ಮೂಡಿದ್ದವು. ವಕೀಲರ ತಂಗಿಯ ಮದುವೆಯಂತೆ. ಬೀಗರನ್ನು ಕರೆತರಲು ನಾಲ್ಕು ಸಲ ಹೋಗಿ ಬಂದರಂತೆ.

"ವಕೀಲರು ಎಂಜಿನ್ ನೋಡಿದರೋ?"

"ಅವರಿಗೆ ಪುರಸೊತ್ತು ಎಲ್ಲಿ? ಊಟಕ್ಕ ಬಡಸಾಕತ್ತಿದ್ರು."

"ಏನು ಹೇಳಿದರು?"

ನಮ್ಮವರು ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದರು. "ಗಾಡಿ ಛಲೋ ಐತಿ ಅಂದ್ರು. ಇನ್ನೊಮ್ಮೆ ಪರೀಕ್ಷಾ ಮಾಡಬೇಕಂತ. ಸಣ್ಣ ತಂಗಿ ಲಗ್ನ ಬರೂ ವಾರ ಐತಿ."

ಟವೆಲ್ಲಿನ ಕೆಳಗೆ

ಮೇ ತಿಂಗಳು ಮುಗಿಯುತ್ತ ಬಂದಿತ್ತು. ಅತ್ತೆಯವರು ಸಂಕೇಶ್ವರಕ್ಕೆ ಕಾಗದ ಬರೆಸಲು ಮಸಿ ತರಿಸಿಟ್ಟಿದ್ದರು. ಮಗಳು ಮಾತು ಕಡಿಮೆ ಮಾಡಿದ್ದಳು. ಆಗ ಮೂಡಲಗಿಯ ಬೆಲ್ಲದ ವ್ಯಾಪಾರಿ ಸಾವುಕಾರರು ಕಮಾನಿನ ಗಾಡಿಯಲ್ಲಿ ಹೆಂಡತಿಯನ್ನೂ ಕರೆದುಕೊಂಡು ಬಂದರು. ಮೋಟಾರು ನೋಡಿದರು, ಓಡಿಸಿ ನೋಡಿದರು, ಒಪ್ಪಿದರು. ನಾನು ಕಿಮ್ಮತ್ತು ಹೇಳಲು ಬಾಯಿ ತೆರೆದೆ.

"ಛೆ ಛೆ, ಅವ್ವಾರ. ವ್ಯಾಪಾರದ ಮಾತು ನಾಕು ಮಂದಿ ಮುಂದ ಬಾಯಿಲೆ ಆಡಬಾರ್ದ್ರಿ," ಎಂದು ಅವರು ಹೆಗಲ ಮೇಲಿನ ಟವೆಲ್ ತೆಗೆದು ನಮ್ಮವರ ಕೈ ಮೇಲೆ ಹೊದಿಸಿದರು. ದನದ ಸಂತೆಯ ಪದ್ಧತಿ ಅದು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ತಿಳಿಸುವುದು, ನೋಡುವವರಿಗೆ ಏನೂ ಗೊತ್ತಾಗಬಾರದು. ಒಂದು ಗಳಿಗೆಯಲ್ಲಿ ಟವೆಲ್ ಎರಡು ಸಲ ಮೇಲೆ ಕೆಳಗೆ ಕುಣಿಯಿತು. ಸಾವುಕಾರರು ನಕ್ಕು, "ಮುಗೀತು, ಡಾಕ್ಟರು ಒಪ್ಪಿದ್ರು," ಎಂದರು.

"ಎಷ್ಟಕ್ಕೆ?" ಎಂದು ನಮ್ಮವರನ್ನು ಕೇಳಿದೆ.

"ನನಗ ಗೊತ್ತಿಲ್ಲ. ಅವರು ಕೈ ಕೊಟ್ರು, ನಾ ಕುಲುಕಿದೆ."

ಬೆರಳಿನ ಲೆಕ್ಕ ತಿಳಿಯದವರು ಮಾಡಿದ ವ್ಯಾಪಾರ ವ್ಯಾಪಾರವೇ ಅಲ್ಲ, ನನಗೆ ಹೇಳಿ ಎಂದು ಪಟ್ಟು ಹಿಡಿದೆ. ಸಾವುಕಾರರು ಬಾಯಿಬಿಟ್ಟು ಹೇಳಲೊಲ್ಲರು. "ಹಂಗಾರ ನೀವ ಬರ್ರಿ," ಎಂದು ಟವೆಲ್ ಹಿಡಿದು ನನ್ನತ್ತ ತಿರುಗಿದರು. ಆಮೇಲೆ ನನ್ನ ಕೈ ಹಿಡಿಯಬೇಕಾಗುತ್ತದೆಂಬುದು ಅವರಿಗೆ ಹೊಳೆಯಿತು. ನನ್ನ ಮುಖ ನೋಡಿದರು. ಟವೆಲ್ ಕೆಳಗೆ ಬಿತ್ತು.

ಕಮಾನಿನ ಗಾಡಿಯೊಳಗಿಂದ ಕಿಸಕ್ಕನೆ ನಗು ಕೇಳಿತು. ಸಾವುಕಾರರ ಹೆಂಡತಿ ಇಳಿದು ಬಂದರು. "ಸರೀರಿ ಅತ್ಲಾಗ. ಅವ್ವಾರ ಕೈ ನಾ ಹಿಡಿತೇನಿ."

ನಾವಿಬ್ಬರೂ ಕಟ್ಟೆಯ ಮೇಲೆ ಕುಳಿತೆವು. ಆಕೆ ತನ್ನ ಇಲಕಲ್ ಸೀರೆಯ ಸೆರಗನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ನನ್ನ ಕಿವಿಯಲ್ಲಿ ಲೆಕ್ಕ ಹೇಳಿಕೊಟ್ಟರು: "ಮೊದಲು ಹಿಡಿದದ್ದು ಸಾವಿರ, ಆಮ್ಯಾಲ ಹಿಡಿದದ್ದು ನೂರು." ದಾರಿಯಲ್ಲೇ ಗಂಡ ಹೇಳಿದ್ದ ಬೆಲೆಯ ಬೆರಳುಗಳನ್ನು ಹಿಡಿದು ತೋರಿಸಿದರು. ಅದು ಮುಂಬಯಿಗೆ ಸಾಲದು. ನಾನು ನೂರರ ಲೆಕ್ಕದಲ್ಲಿ ಇನ್ನೂ ಮೂರು ಬೆರಳು ಹಿಡಿದು, ಬಿಡಲಿಲ್ಲ. ಆಕೆ ಬಿಡಿಸಿಕೊಳ್ಳಲು ನೋಡಿದರು. ನಾನು ಇನ್ನೂ ಗಟ್ಟಿ ಹಿಡಿದೆ.

ಆಕೆಯ ಕಣ್ಣು ಬಾಗಿಲಲ್ಲಿ ನಿಂತ ನನ್ನ ಮಗಳ ಕಡೆ ಹೋಯಿತು. "ಈಕಿ ಖರೇನ ಡಾಕ್ಟರ್ ಆಗ್ತಾಳೇನ್ರಿ? ಹೆಂಗಸರಿಗೆ?"

"ಆಗ್ತಾಳ. ಮೋಟಾರ ಹೋದ್ರ."

ಆಕೆ ನನ್ನ ಮೂರು ಬೆರಳಿಗೆ ತಾವಾಗಿಯೇ ಒಂದು ಬೆರಳು ಕೂಡಿಸಿ, ಸೆರಗು ಕೊಡವಿ ಎದ್ದರು.

"ಮುಗೀತ್ರಿ."

ಒಳಗೆ ಅತ್ತೆಯವರು ಮಸಿಯ ದೌತಿಗೆ ಮುಚ್ಚಳ ಹಾಕಿದರು. ಸಾವುಕಾರರು ಕೋಟಿನ ಒಳಕಿಸೆಗೆ ಕೈ ಹಾಕಿ ಕೇಳಿದರು, "ಎಷ್ಟಕ್ಕ ಮುಗಸಿದಿ?"

ಆಕೆ ನಮ್ಮವರನ್ನು, ನನ್ನನ್ನು, ಮಗಳನ್ನು, ಬಾಗಿಲಿಗೆ ಬಂದು ನಿಂತ ಅತ್ತೆಯವರನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ನಾಕು ಮಂದಿ ಮುಂದ ಹೆಂಗ ಹೇಳ್ಲಿ? ಕಿಸೆದಾಗಿಂದು ಅಷ್ಟೂ ಇತ್ತಾಗ ಕೊಡ್ರಿ. ಉಳದ್ರ ಹೇಳ್ತೇನಿ."